ಆಕಾಶನಾವೆಯ ಬಾಗಿಲು

ಜೂನ್ 10, 2013, ಸೋಮವಾರ

ಡಾಕ್ಟರು ಇವತ್ತು ನನ್ನ ಬಿಪಿ ನೋಡಿ ಹುಬ್ಬು ಹಾರಿಸಿದರು. "ಟೀಚರಮ್ಮ, ದಿನಾ ಎಷ್ಟ್ ಮಂದಿಗೆ ಬೈತೀರಿ?" ಎಂದು ಕೇಳಿದರು. ಬೈಸಿಕೊಳ್ಳುವಂಥ ಕೆಲಸ ಮಾಡಿದವರಿಗೆ ಮಾತ್ರ ಎಂದೆ. "ಇನ್ನ ಮ್ಯಾಲೆ ಬಾಯಿಲೆ ಬೈಬ್ಯಾಡ್ರಿ, ಬರದ್ ಇಡ್ರಿ. ಬರಿಯೋದ್ರಾಗ ಸಿಟ್ಟು ಇಳೀತೈತಿ," ಎಂದು ಹೇಳಿ, ಗುಳಿಗೆಯ ಜೊತೆ ಔಷಧಿ ಕಂಪನಿಯ ಒಂದು ದಿನಚರಿಯನ್ನೂ ಕೊಟ್ಟರು. ಅರ್ಧ ವರ್ಷ ಆಗಲೇ ಕಳೆದಿದೆ, ಆದ್ದರಿಂದ ಪುಕ್ಕಟೆ.

ಬರೆಯುವವರು ಮೊದಲು ತಮ್ಮ ಪರಿಚಯ ಬರೆಯಬೇಕೆಂದು ಮಕ್ಕಳಿಗೆ ಜೀವಮಾನವೆಲ್ಲ ಹೇಳಿಕೊಟ್ಟಿದ್ದೇನೆ. ನಾನು ಬುಚ್ಚಮ್ಮ. ನಾರಾಯಣಪೇಟೆಯ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಳಾದವಳು. ಯಜಮಾನರು ಮಾರ್ಕಂಡೇಯ, ಸೀರೆ ನೇಯುವವರು. ಮಗ್ಗದ ಸದ್ದು ಕೇಳಿ ಕೇಳಿ ಅವರ ಕಿವಿ ಮಂದವಾಗಿದೆ, ಅಥವಾ ನನ್ನ ಮಾತಿಗೆ ಮಾತ್ರ ಮಂದವಾಗಿದೆ. ಮಗ ಭಾನುಪ್ರಕಾಶ, ಅವನೂ ಮಗ್ಗದ ಕೆಲಸದವನೇ. ಸೊಸೆ ಸ್ರವಂತಿ, ಗದ್ವಾಲದವಳು. ಬಿಪಿಯ ಕಾರಣ ಇಲ್ಲಿಗೆ ಬಂತು.

ಎರಡು ಭಾನುವಾರಗಳ ಹಿಂದೆ "ಆಕಾಶನಾವೆ" ಎಂಬ ಟಿವಿ ಧಾರಾವಾಹಿ ಮುಗಿಯಿತು. ಭೂಮಿಯ ನೀರೆಲ್ಲ ಬತ್ತಿದ ಮೇಲೆ ಮುನ್ನೂರು ಜನ ಒಂದು ದೊಡ್ಡ ನಾವೆಯಲ್ಲಿ ಕೂತು ಇನ್ನೊಂದು ಲೋಕ ಹುಡುಕಿಕೊಂಡು ಹೋಗುವ ಕಥೆ. ನಾವೆ ನಡೆಸುವವಳು ವಸುಂಧರಾ, ಪ್ಯಾಂಟು ತೊಡುತ್ತಾಳೆ. ನಾನು ನೋಡುತ್ತಿರಲಿಲ್ಲ. ಅಡುಗೆಮನೆಯಲ್ಲಿ ನಿಂತರೆ ಟಿವಿ ನೇರವಾಗಿ ಕಣ್ಣಿಗೆ ಬೀಳುತ್ತದೆ, ಅದಕ್ಕೆ ನಾನೇನು ಮಾಡಲಿ? ಕೊನೆಯ ಕಂತಿನಲ್ಲಿ ವಸುಂಧರಾ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹೊರಗಿನ ರಿಪೇರಿಗೆ ಹೋದಳು. ಹಿಂದೆ ನಾವೆಯ ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು. ಅವಳು ಕತ್ತಲಲ್ಲಿ ಜೋತಾಡುತ್ತಿರುವಾಗಲೇ "ಮುಕ್ತಾಯ" ಎಂದು ಬಂತು. ಮರುವಾರ ಅದೇ ಹೊತ್ತಿಗೆ ಟಿವಿಯಲ್ಲಿ ಒಬ್ಬಳು ಬಂದು ಹಾಗಲಕಾಯಿ ಹುರಿದಳು.

ಅಂದಿನಿಂದ ಸೊಸೆಗೆ ಮನೆಯಲ್ಲಿ ಸಾವಾದ ಹಾಗೆ. ಸರಿಯಾಗಿ ಊಟವಿಲ್ಲ, ಮಾತಿಲ್ಲ. ಇವತ್ತು ಅವಳ ಮಗ್ಗದ ಹತ್ತಿರ ಹೋಗಿ ನೋಡಿದೆ. ಸೀರೆ ಮುಗಿದದ್ದು ತಿಳಿಯದೆ, ಸೆರಗು ಹಾಕದೆ, ಒಡಲನ್ನೇ ನೇಯುತ್ತ ನೇಯುತ್ತ ಎರಡನೆಯ ಸೀರೆಯ ನಡುವಿಗೆ ಬಂದಿದ್ದಾಳೆ. ಅದನ್ನು ಉಡಬೇಕಾದರೆ ಆನೆಯೇ ಬೇಕು. ಯಜಮಾನರು ಬಟ್ಟೆ ಮುಟ್ಟಿ ನೋಡಿ, "ನೇಯ್ಗಿ ಮಾತ್ರ ಚೊಲೊ ಐತಿ," ಎಂದರು. ಇಂಥ ಗಂಡಸರಿಂದಲೇ ಮನೆಗಳು ಹಾಳಾಗುವುದು.

ಜೂನ್ 13, ಗುರುವಾರ

ಇವತ್ತು ಯಜಮಾನರ ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದೆಳೆಗಳ ಸಾಲು, ಕೆಚ್ಚುವುದಿತ್ತು. ಹಳೆಯ ಹಾಸು ಮುಗಿದರೆ ಅದನ್ನು ಪೂರ್ತಿ ಕತ್ತರಿಸಿ ತೆಗೆಯುವುದಿಲ್ಲ. ಹಣಿಗೆಯ ಹಿಂದೆ ಗೇಣುದ್ದ ಎಳೆಗಳನ್ನು ಉಳಿಸಿ, ಬೆರಳಿಗೆ ಬೂದಿ ಹಚ್ಚಿಕೊಂಡು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಹೊಸೆದು ಸೇರಿಸಬೇಕು. ಸಾವಿರಾರು ಎಳೆ. ಓಣಿಯ ಮೊಗುಲಮ್ಮ, ಬುಗ್ಗಮ್ಮ ಬಂದು ಕೂರುತ್ತಾರೆ. ಬೆರಳುಗಳು ದುಡಿಯುತ್ತಿರುತ್ತವೆ, ಬಾಯಿ ಖಾಲಿ ಇರುತ್ತದೆ. ಖಾಲಿ ಬಾಯಿಗಳ ಮುಂದೆ ಜಗಳ ಮಾಡಬಾರದು, ಆದರೂ ಮಾಡಿದೆ.

ಮೊದಲಾದದ್ದು ಬಾಗಿಲಿನಿಂದ. ಸ್ರವಂತಿ ಒಳಗೆ ಬಂದರೂ ಹೊರಗೆ ಹೋದರೂ ಬಾಗಿಲು ಹಾರು ಹೊಡೆದಿರುತ್ತದೆ. ಬೆಕ್ಕು ಬಂದು ಹಾಸಿನ ಮೇಲೆ ಆಡುತ್ತದೆ. "ಬಾಗಲಾ ಮುಚ್ಚು ಅಂತ ಎಷ್ಟ್ ಸರ್ತಿ ಹೇಳ್ಬೇಕು?" ಎಂದೆ. ಅವಳು ಕೇಳದವಳಂತೆ ಕೂತಳು. ಅಷ್ಟಕ್ಕೆ ಬಿಡಬಹುದಿತ್ತು, ಸೆರಗಿಲ್ಲದ ಸೀರೆ ನೆನಪಾಯಿತು.

"ನಮ್ಮ ಮನ್ಯಾಗ ಸೀರಿಗೆ ಸೆರಗು ಇರ್ತೈತಿ ತಾಯೀ. ಸೆರಗಿಲ್ಲದ್ದು ನೇಯೋದಿದ್ರ ನಿಮ್ಮ ಗದ್ವಾಲದಾಗ ನೇಯ್ಕೊ."

"ನಮ್ಮ ಗದ್ವಾಲದಾಗ ಸೆರಗಿಗೆ ಬ್ಯಾರೆ ರೇಷ್ಮಿ ಹಾಕಿ ಕೂಡಸ್ತೀವ್ರಿ ಅತ್ತೀ. ನಿಮ್ಮಲ್ಲಿ ಅದು ಯಾರಿಗೂ ಬರಂಗಿಲ್ಲ."

"ಹಂಗಾದ್ರ ಬ್ಯಾರೆ ಒಲಿ ಹೂಡ್ಕೊ!"

"ಹೂಡ್ತೀನ್ರಿ. ಯಾವಾಗ ಹೂಡ್ಲಿ ಹೇಳ್ರಿ."

"ತೆಲಂಗಾಣ ಬಂದ ದಿನ!"

ಎಲ್ಲರೂ ಗೊಳ್ಳೆಂದು ನಕ್ಕರು. ಬೇರೆ ರಾಜ್ಯ ಬೇಕೆಂಬ ಅರವತ್ತೊಂಬತ್ತರ ಗಲಾಟೆಯಲ್ಲಿ ನಾನು ಶಾಲೆಯ ಹುಡುಗಿ. ಆಗಿನಿಂದ ತೆಲಂಗಾಣ ಬರುತ್ತಲೇ ಇದೆ. ಎರಡು ವರ್ಷದ ಹಿಂದಿನ ಸಕಲ ಜನರ ಮುಷ್ಕರದಲ್ಲಿ ಮಕ್ತಲ್ ರಸ್ತೆಯ ನಡುವೆ ಮೂರು ಕಲ್ಲು ಹೂಡಿ ಅನ್ನ ಬೇಯಿಸಿದವಳು ನಾನು, ನನಗೆ ಗೊತ್ತಿಲ್ಲವೇ? ಮೊಗುಲಮ್ಮ ತೊಡೆ ತಟ್ಟಿ, "ಸಾಕ್ಷಿ ನಾವಿದ್ದೀವಿ ನೋಡ್ರಿ," ಎಂದಳು. ಇರಲಿ ಎಂದೆ. ಟೀಚರು ಒಮ್ಮೆ ಹೇಳಿದ್ದನ್ನು ಅಳಿಸುವುದಿಲ್ಲ.

ಜೂನ್ 14, ಶುಕ್ರವಾರ

ಬರೆದರೂ ಸಿಟ್ಟು ಇಳಿಯಲಿಲ್ಲ.

ಜೂನ್ 29, ಶನಿವಾರ

ಸ್ರವಂತಿಯ ಮಗ್ಗಕ್ಕೆ ಕೆಚ್ಚುವುದಿತ್ತು. ಬುಗ್ಗಮ್ಮ ಪಾಪ, ವಸುಂಧರಾ ಸತ್ತಳೋ ಉಳಿದಳೋ ಎಂದು ಹಲುಬುತ್ತಿದ್ದಳು. ಆಗ ಈ ಹುಡುಗಿ ತಲೆ ಎತ್ತದೆ ಹೇಳಿದಳು: "ಹಾಸು ಮುಗೀತಂತ ಯಾರಾದ್ರೂ ಮಗ್ಗ ಕಿತ್ತ್ ಒಗೀತಾರೇನ್ರಿ? ಟಿವಿಯವ್ರು ಗೇಣುದ್ದ ಎಳಿ ಬಿಟ್ಟ್ ಹೋಗ್ಯಾರ. ಉಳಿದದ್ದು ನಾವು ಕೆಚ್ಚೋಣ."

ಹೀಗೆಂದು ಮುಂದಿನ ಕಥೆಯನ್ನು ತಾನೇ ಶುರು ಮಾಡಿದಳು. ಎಲ್ಲಿಂದ ಬಂತೋ ಆ ಧೈರ್ಯ.

ನಾನು ಕೇಳುತ್ತಿರಲಿಲ್ಲ, ಆದರೂ ಕಿವಿಗೆ ಬಿದ್ದಷ್ಟು ಬರೆಯುತ್ತೇನೆ. ನಾವೆಯ ಉಗ್ರಾಣದಲ್ಲಿ ಯಂತ್ರಮ್ಮ ಎಂಬ ಕಬ್ಬಿಣದ ಮುದುಕಿ ಇದ್ದಾಳೆ. ಟಿವಿಯಲ್ಲಿ ಇರಲಿಲ್ಲ, ಇವಳೇ ತಂದು ಸೇರಿಸಿದ್ದು. ಮುನ್ನೂರು ಜನರ ಊಟ, ನೀರು, ಉಸಿರಾಡುವ ಗಾಳಿ ಎಲ್ಲ ಅವಳ ಉಸ್ತುವಾರಿ. ವಸುಂಧರೆಗೂ ಅವಳಿಗೂ ಮೊದಲಿನಿಂದ ಆಗದು. ವಸುಂಧರಾ ಹೊರಗೆ ಜೋತಾಡುತ್ತಿದ್ದಾಗ ನಾವೆಯಲ್ಲಿ ಯಾರಿಗೂ ನೆನಪಿಲ್ಲ, ಎಲ್ಲರೂ ಉಣ್ಣುತ್ತ ಕೂತಿದ್ದಾರೆ. ಯಂತ್ರಮ್ಮ ಒಬ್ಬಳೇ ತಟ್ಟೆ ಎಣಿಸಿ, ಒಂದು ತಟ್ಟೆ ಯಾಕೆ ಉಳಿಯಿತು ಎಂದು ಎದ್ದಳು. ಬಾಗಿಲು ತೆಗೆದು, ಹಗ್ಗ ಹಿಡಿದು ಎಳೆದಳು. ಎಳೆಯುತ್ತ ಬೈದಳು, ಬೈಯುತ್ತ ಎಳೆದಳು. ಒಳಗೆ ಬಂದ ವಸುಂಧರೆಗೆ ಅವಳು ಹೇಳಿದ ಮೊದಲ ಮಾತು: "ಬಾಗಲಾ ಮುಚ್ಚೇ, ಗಾಳಿ ಹೋಗ್ತೈತಿ! ನಿಮ್ಮಪ್ಪ ತಂದ್ ಇಟ್ಟಾನೇನು ಗಾಳಿ?"

ಎಲ್ಲರೂ ನನ್ನ ಕಡೆ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬೂದಿ ಮೂಗಿಗೆ ಹೋಗಿರಬೇಕು. ನನಗೆ ಮಾತ್ರ ಆ ನಾವೆಯಲ್ಲಿ ಬುದ್ಧಿ ಇರುವವಳು ಅವಳೊಬ್ಬಳೇ ಎನ್ನಿಸಿತು. ಕಳೆದ ವರ್ಷ ಸ್ರವಂತಿಗೆ ಕಾಮಾಲೆಯಾಗಿ ಮಲಗಿದ್ದಾಗ ನಾನೂ ಹೀಗೇ ಬೈದು ಬೈದು ಗಂಜಿ ಕುಡಿಸಿದ್ದೆ. ಬೈಯದಿದ್ದರೆ ಈ ಕಾಲದವರು ಬದುಕುವುದಿಲ್ಲ.

ಜುಲೈ 9, ಮಂಗಳವಾರ

ಈಗ ಓಣಿಯಲ್ಲಿ ಯಾರ ಮನೆಯಲ್ಲಿ ಕೆಚ್ಚುವುದಿದ್ದರೂ ಮೊದಲು ಸ್ರವಂತಿಗೆ ಕರೆ ಬರುತ್ತದೆ. ಬೆರಳಿಗಲ್ಲ, ಬಾಯಿಗೆ. ನಿನ್ನೆ ಬುಗ್ಗಮ್ಮ, "ಬರದ್ ಇಡವ್ವಾ, ನಮ್ಮ ಅಖಿಲಾ ಓದ್ತಾಳ," ಎಂದಳು. ಅಖಿಲಾ ಅವಳ ಮಗಳು, ಕನ್ನಡ ಶಾಲೆಯಲ್ಲಿ ಓದುತ್ತಾಳೆ. ಸ್ರವಂತಿ ಓದಿದ್ದು ತೆಲುಗಿನಲ್ಲಿ. ಮಾತು ಕನ್ನಡ, ಬರಹ ತೆಲುಗು. ಎಲ್ಲರೂ ನನ್ನ ಮುಖ ನೋಡಿದರು.

ಆಗುವುದಿಲ್ಲ ಎಂದೆ. ಆಮೇಲೆ, ಯಾರೋ ಅರೆಬರೆ ಕನ್ನಡದಲ್ಲಿ ಗೀಚಿ ಮಕ್ಕಳ ಭಾಷೆ ಕೆಡಿಸುವುದಕ್ಕಿಂತ ನಾನೇ ಬರೆದರೆ ಲೇಸು ಎಂದು ಒಪ್ಪಿಕೊಂಡೆ. ಅವಳು ಹೇಳುತ್ತಾಳೆ, ನಾನು ಬರೆಯುತ್ತೇನೆ. ಒಂದು ಹಾಸು ನೇಯ್ದು ಮುಗಿಯುವುದರೊಳಗೆ ಒಂದು ಕಾದಂಬರಿ ಮುಗಿಯಬೇಕು ಎಂದು ನೇಮ ಹಾಕಿದ್ದೇನೆ. ಇದು ಕನ್ನಡದ ಸೇವೆಗಾಗಿ ಮಾತ್ರ.

ಜುಲೈ 21, ಭಾನುವಾರ

ಹೊತ್ತು ಹೋದದ್ದೇ ತಿಳಿಯಲಿಲ್ಲ. ವಸುಂಧರಾ ನಾವೆಯ ನೀರಿನ ತೊಟ್ಟಿಯಲ್ಲಿ ಬಿರುಕು ಕಂಡಳು. ನಾನು ಸಾರಿಗೆ ಉಪ್ಪು ಎರಡು ಸಲ ಹಾಕಿದೆ. ಯಜಮಾನರು ಸುಮ್ಮನೆ ಉಂಡರು. ಅವರಿಗೆ ನಾಲಿಗೆಯೂ ಮಂದವಾಗಿದೆಯೇನೋ.

ಜುಲೈ 30, ಮಂಗಳವಾರ

ದಿಲ್ಲಿಯಲ್ಲಿ ತೆಲಂಗಾಣ ಕೊಡುವುದೆಂದು ತೀರ್ಮಾನವಾಯಿತಂತೆ! ಬೀದಿಯಲ್ಲಿ ಪಟಾಕಿ, ಡೋಲು. ನಾನೂ ಓಡಿಹೋಗಿ ಗಂಟಲು ಹರಿಯುವಂತೆ ಜೈ ತೆಲಂಗಾಣ ಕೂಗಿ, ಮುಖಕ್ಕೆಲ್ಲ ಗುಲಾಲು ಬಳಿಸಿಕೊಂಡು ಬಂದೆ. ಇಷ್ಟು ವರ್ಷ ಕಾದದ್ದಕ್ಕೆ ಫಲ ಬಂತು.

ಮನೆಯೊಳಗೆ ಕಾಲಿಟ್ಟರೆ ಮೊಗುಲಮ್ಮ ಪೇಡೆ ತಿನ್ನುತ್ತ ಕೂತಿದ್ದಳು. "ಟೀಚರಮ್ಮ, ಒಲಿ ಯಾವಾಗ್ರೀ?" ಎಂದಳು. ಯಾವ ಒಲೆ ಎಂದು ಕೇಳಿದೆ, ಕೇಳಿದ ಮೇಲೆ ನೆನಪಾಯಿತು. ಭಾನುಪ್ರಕಾಶ, "ಅವ್ವಾ, ಗದ್ವಾಲದಾಗ ಮಾವನವರ ಮನಿ ಹಿಂದ ಎರಡು ಮಗ್ಗ ಹಾಕಾಕ ಜಾಗಾ ಐತಿ ಅಂತ. ಹೆಂಗೂ ನೀ ಅಂದೀದಿ," ಎಂದ. ಹೇಗೂ ನಾನು ಅಂದಿದ್ದೇನೆ. ಸ್ರವಂತಿ ನನ್ನ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತ ಕೂತಿದ್ದಳು.

ದಿಲ್ಲಿಯವರು ಹೇಳುವುದು ಬೇರೆ, ರಾಜ್ಯ ಬರುವುದು ಬೇರೆ. ನೋಡೋಣ.

ಅಕ್ಟೋಬರ್ 4, ಶುಕ್ರವಾರ

ಮಂತ್ರಿಮಂಡಲವೂ ಒಪ್ಪಿತಂತೆ. ಇವರಿಗೆ ಇಷ್ಟು ವರ್ಷ ಇಲ್ಲದ ಅವಸರ ಈಗೇಕೋ ತಿಳಿಯದು.

ಇವತ್ತು ಎರಡನೆಯ ಕಾದಂಬರಿಯಲ್ಲಿ ದೊಡ್ಡ ಜಗಳ. ಬೇರೊಂದು ಲೋಕದವರು ವಸುಂಧರೆಯನ್ನು ಮಾತುಕತೆಗೆ ಕರೆದಿದ್ದಾರೆ. ಅಂಥ ಹೊತ್ತಿಗೆ ಪ್ಯಾಂಟು ಸಲ್ಲದು, ಸೀರೆ ಉಡಲಿ ಎಂದೆ. ಸ್ರವಂತಿ ಒಪ್ಪಿದಳು, ಆದರೆ ಗದ್ವಾಲ ಸೀರೆ ಉಡಿಸಿದಳು! ಬರೆಯುವ ಕೈ ನನ್ನದು. ನಾರಾಯಣಪೇಟೆ ಸೀರೆ ಎಂದು ಬರೆದೆ. ಅವಳು ಹಿಂದಿನಿಂದ ಇಣುಕಿ ನೋಡಿಬಿಟ್ಟಳು. ತೆಲುಗು ಓದಿದವಳಿಗೆ ಕನ್ನಡ ಅಕ್ಷರದ ಗುರುತು ಹತ್ತದೇ ಇರುತ್ತದೆಯೇ?

"ಅತ್ತೀ, ಇದು ಮೋಸಾ ಅಲ್ಲೇನ್ರಿ?"

"ಆಕಾಶದಾಗ ಥಂಡಿ ಇರ್ತೈತೇನು, ಸೆಕಿ ಇರ್ತೈತೇನು? ನಮ್ಮ ಹತ್ತಿ ಸೀರಿ ಎಲ್ಲಾದಕ್ಕೂ ನಡೀತೈತಿ."

"ಅಲ್ಲಿ ದೊಡ್ಡ ಮಂದಿ ಕುಂತಿರ್ತಾರ್ರಿ. ಸೆರಗಾದ್ರೂ ರೇಷ್ಮಿ ಬ್ಯಾಡೇನ್ರಿ?"

ಸಂಜೆಯವರೆಗೆ ಕಿತ್ತಾಡಿ ಕೊನೆಗೆ ಒಡಲು ನಾರಾಯಣಪೇಟೆಯದು, ಸೆರಗು ಗದ್ವಾಲದ್ದು ಎಂದು ತೀರ್ಮಾನವಾಯಿತು. ಇಬ್ಬರೂ ಊಟ ಮರೆತಿದ್ದೆವು. ಯಜಮಾನರು ತಾವೇ ಉಪ್ಪಿಟ್ಟು ಮಾಡಿ ತಂದಿಟ್ಟರು. ಅವರು ಅಡುಗೆಮನೆಗೆ ಹೋದದ್ದನ್ನು ನಾನು ಮದುವೆಯಾದ ಮೇಲೆ ಮೊದಲ ಸಲ ನೋಡಿದೆ.

ಡಿಸೆಂಬರ್ 16, ಸೋಮವಾರ

ಬಿಪಿ ಸರಿಯಾಗಿದೆಯಂತೆ. ಡಾಕ್ಟರಿಗೆ ತಮ್ಮ ಗುಳಿಗೆಯ ಮೇಲೆ ಬಹಳ ಹೆಮ್ಮೆ. ನಾನು ದಿನಾ ತಿನ್ನುವ ಪುಂಡಿಪಲ್ಯದ ಗುಣ ಅವರಿಗೇನು ಗೊತ್ತು? ದಿನಚರಿ ಬರೆಯುತ್ತೀರಾ ಎಂದು ಕೇಳಿದರು. ಕಾದಂಬರಿಯ ನಡುವೆ ಪುರುಸೊತ್ತೆಲ್ಲಿದೆ ಎಂದೆ. ಆದರೂ ಬರುವ ವರ್ಷದ್ದನ್ನು ಕೊಟ್ಟರು, ಈ ಸಲ ಪೂರ್ತಿ ವರ್ಷದ್ದು.

ಸಂಜೆ ಬಂದು ಯಂತ್ರಮ್ಮನ ಮೊಣಕಾಲಿಗೆ ಎಣ್ಣೆ ಹಾಕುವ ಪ್ರಸಂಗ ಬರೆದೆವು. ಸ್ರವಂತಿ ಬರೆಸುತ್ತ ಬರೆಸುತ್ತಲೇ ನನ್ನ ಕಾಲಿಗೂ ಎಣ್ಣೆ ತಿಕ್ಕಿದಳು. ಹೇಗೂ ಬಟ್ಟಲು ಹತ್ತಿರವೇ ಇತ್ತು.

ಫೆಬ್ರವರಿ 18, 2014, ಮಂಗಳವಾರ

ಇವತ್ತು ಲೋಕಸಭೆಯಲ್ಲಿ ಮಸೂದೆ. ಓಣಿಯವರೆಲ್ಲ ನಮ್ಮ ಟಿವಿಯ ಮುಂದೆ. ಎಲ್ಲರೂ ಉಸಿರು ಬಿಗಿಹಿಡಿದಿರುವಾಗ ನೇರಪ್ರಸಾರ ನಿಂತೇ ಹೋಯಿತು. ಸ್ರವಂತಿ ಎದ್ದು ನಿಂತು, "ಅಯ್ಯೋ, ಮತ್ತ ನಡುವ ಬಿಟ್ಟ್ ಹೋದ್ರು ನೋಡ್ರಿ!" ಎಂದು ಕೂಗಿದಳು.

ನನಗೆ ಯಾಕೋ ಹಿತವೆನಿಸಿತು. ನಿಂತರೆ ನಿಲ್ಲಲಿ, ಒಂದು ದಿನ ಹಾಗೇ ಇರಲಿ ಎಂದುಕೊಂಡೆ. ಸ್ವಲ್ಪ ಹೊತ್ತಿಗೆಲ್ಲ ಮಸೂದೆ ಪಾಸಾಯಿತೆಂದು ಸುದ್ದಿ ಬಂತು. ಎಲ್ಲರೂ ಕುಣಿದರು. ನನ್ನ ಕಣ್ಣಲ್ಲಿ ನೀರು ಬಂತು. ಅರವತ್ತೊಂಬತ್ತರಿಂದ ಕಾದವಳಿಗೆ ಸಂತೋಷದಿಂದ ಬರುವುದೇ.

ಫೆಬ್ರವರಿ 20, ಗುರುವಾರ

ರಾಜ್ಯಸಭೆಯಲ್ಲೂ ಆಯಿತು. ಯಾರಾದರೂ ಒಬ್ಬರು ಸರಿಯಾಗಿ ಅಡ್ಡಗಾಲು ಹಾಕಬಾರದೇ? ಹೀಗೆ ಬರೆದದ್ದನ್ನು ನಮ್ಮ ತೆಲಂಗಾಣ ಹೋರಾಟದ ಸಂಘದವರು ಯಾರೂ ನೋಡಬಾರದು.

ಮೇ 11, ಭಾನುವಾರ

ಜೂನ್ ಎರಡಕ್ಕೆ ರಾಜ್ಯ. ಭಾನುಪ್ರಕಾಶ ಗದ್ವಾಲಕ್ಕೆ ಹೋಗಿ ಮಗ್ಗದ ಜಾಗಕ್ಕೆ ತಗಡು ಹೊದಿಸಿ ಬಂದಿದ್ದಾನೆ.

ಮೂರನೆಯ ಕಾದಂಬರಿ ಮುಗಿಯಬೇಕು. ನಾವೆಗೆ ಹೊಸ ಲೋಕ ಕಾಣಿಸಿದೆ. ನದಿ, ಮರ, ನಮ್ಮಲ್ಲಿರುವಂಥದೇ ಕೆಂಪು ಮಣ್ಣು. ಸ್ರವಂತಿ ನಾವೆಯನ್ನು ಹತ್ತಿರ ತರುತ್ತಾಳೆ, ನಾನು ಬರೆಯುವಾಗ ಇಂಜಿನ್ ಕೆಡುತ್ತದೆ. ಹೋದ ವಾರ ಕೆಟ್ಟಿತು, ಮೊನ್ನೆ ಕೆಟ್ಟಿತು, ಇವತ್ತೂ ಕೆಟ್ಟಿತು.

"ಅತ್ತೀ, ನಾವೆ ಅಲ್ಲಿಗೆ ಮುಟ್ಟೋದು ಬ್ಯಾಡೇನ್ರಿ ನಿಮಗ?" ಎಂದು ಮೆಲ್ಲಗೆ ಕೇಳಿದಳು.

"ಇಂಜಿನ್ ಕೆಟ್ಟ್ರ ನಾ ಏನ್ ಮಾಡ್ಲಿ? ಯಂತ್ರಮ್ಮ ಎಷ್ಟಂತ ನೋಡ್ಕೋಬೇಕು?"

ಅವಳು ನನ್ನನ್ನೇ ನೋಡುತ್ತ ಕೂತಳು. ಏನೋ ಹೇಳುತ್ತಾಳೆಂದು ನಾನು ಕಾದೆ. ನಾನು ಏನೋ ಹೇಳುತ್ತೇನೆಂದು ಅವಳೂ ಕಾದಳೆಂದು ಕಾಣುತ್ತದೆ. ಆಮೇಲೆ ಬೆಕ್ಕು ಬಂತು, ಇಬ್ಬರೂ ಅದನ್ನು ಓಡಿಸಿದೆವು.

ಮೊಗುಲಮ್ಮ ಹಿತ್ತಲಿಗೆ ಕರೆದು ಹೇಳಿದಳು: "ಮಾತು ವಾಪಸ್ ತಗೋರಿ ಅಕ್ಕಾ. ಯಾರು ಕೇಳ್ತಾರ?"

"ನೀನ ಸಾಕ್ಷಿ ಇದ್ದೀಯಲ್ಲ?"

"ನಾ ಮರತೀನಿ ಬಿಡ್ರಿ."

ಅವಳು ಮರೆಯಬಹುದು. ಶಾಲೆಯಲ್ಲಿ ಮಕ್ಕಳಿಗೆ ಹೇಳಿದ ಮಾತಿಗೆ ತಪ್ಪಬಾರದೆಂದು ಕಲಿಸಿದವಳು ನಾನು, ನಾನೇ ತಪ್ಪಿದರೆ? ಅದೂ ಅಲ್ಲದೆ ಮಕ್ಕಳು ತಮ್ಮದೇ ಎರಡು ಮಗ್ಗ ಹಾಕಿಕೊಳ್ಳುತ್ತಿದ್ದಾರೆ, ಅದಕ್ಕೆ ಅಡ್ಡ ಬರಬಾರದು. ಅವಳಾಗಿಯೇ ಇರುತ್ತೇನೆಂದರೆ ಬೇರೆ ಮಾತು.

ಜೂನ್ 2, ಸೋಮವಾರ

ನಮ್ಮ ರಾಜ್ಯ ಬಂತು. ಬೆಳಿಗ್ಗೆ ಶಾಲೆಯಲ್ಲಿ ಧ್ವಜ ಏರಿಸಿದರು. ಹಳೆಯ ಟೀಚರೆಂದು ನನ್ನನ್ನು ಮುಂದೆ ನಿಲ್ಲಿಸಿದರು. ಜೈ ತೆಲಂಗಾಣ ಎಂದು ಎಲ್ಲರಿಗಿಂತ ಜೋರಾಗಿ ಕೂಗಿದೆ. ಅದು ಮನಸ್ಸಿನಿಂದಲೇ ಬಂತು, ಸುಳ್ಳಲ್ಲ.

ಮನೆಗೆ ಬಂದಾಗ ಸ್ರವಂತಿ ಮಾತಿನ ಪ್ರಕಾರ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಬೇರೆ ಒಲೆ ಹೊತ್ತಿಸಿದ್ದಳು. ಹಾಲು ಉಕ್ಕಿಸಿ, ಚಹಾ ಮಾಡಿ, ಮೊದಲ ಲೋಟ ನನಗೆ ತಂದುಕೊಟ್ಟಳು. ಸಕ್ಕರೆ ಕಡಿಮೆಯಾಗಿದೆ ಎಂದೆ. "ನಿಮಗ ಡಾಕ್ಟರು ಕಮ್ಮಿ ಹಾಕಾಕ ಹೇಳ್ಯಾರಲ್ರಿ," ಎಂದಳು. ಮಧ್ಯಾಹ್ನ ಟೆಂಪೋ ಬಂತು. ಮಗ್ಗದ ಮರ, ಪೆಟ್ಟಿಗೆ, ಹಾಸಿಗೆ ಎಲ್ಲ ಏರಿಸಿದರು. ಕಾದಂಬರಿಯ ಹೊತ್ತಿಗೆಗಳನ್ನು ನನಗೇ ಬಿಟ್ಟಳು. ಬರೆದವರು ನೀವಲ್ಲವೇ ಎಂದಳು. ಕಾಲಿಗೆ ನಮಸ್ಕಾರ ಮಾಡಿ ಹೊಸಿಲು ದಾಟಿದಳು.

ಆಗ ನಾನು ಏನಾದರೂ ಹೇಳಬೇಕಿತ್ತು. ಬಾಯಿಗೆ ಬಂದದ್ದು ದಿನಾ ಬರುವ ಮಾತೇ: "ಬಾಗಲಾ ಮುಚ್ಕೊಂಡ್ ಹೋಗು."

ಮದುವೆಯಾಗಿ ಬಂದಾಗಿನಿಂದ ಒಮ್ಮೆಯೂ ಮುಚ್ಚದ ಹುಡುಗಿ ಇವತ್ತು ತಿರುಗಿ ಬಂದು ಎರಡೂ ಕದ ಮೆಲ್ಲಗೆ ಎಳೆದುಕೊಂಡು ಹೋದಳು. ಮನೆಯೊಳಗೆ ಕತ್ತಲಾಯಿತು. ನಾನು ಅಲ್ಲಿಯೇ ಕೂತು ಅತ್ತೆ. ಇದು ಸಂತೋಷದ ಅಳುವಲ್ಲ, ಬರೆದಿಡುತ್ತೇನೆ.

ಜೂನ್ 9, ಸೋಮವಾರ

ಬಿಪಿ ಏರಿದೆ. ಪುಂಡಿಪಲ್ಯ ದಿನಾ ತಿನ್ನುತ್ತಲೇ ಇದ್ದೇನೆ.

ಇವತ್ತು ಬುಗ್ಗಮ್ಮನ ಮನೆಯಲ್ಲಿ ಕೆಚ್ಚುವುದಿತ್ತು. ನಾನೇ ಕಥೆ ಹೇಳಲು ಹೋದೆ. ಯಂತ್ರಮ್ಮ ಬೈದಳು ಎಂದೆ, ಯಾರಿಗೆ ಬೈದಳು ಎಂದರು, ಮುಂದಕ್ಕೆ ಹೋಗಲಿಲ್ಲ. ಎಳೆಗಳು ಬಹಳ ತುಂಡಾದವು.

ಮನೆಗೆ ಬಂದು ಯಜಮಾನರ ಹತ್ತಿರ ಹೇಳಿಕೊಂಡೆ, ಹೇಗೂ ಅವರಿಗೆ ಕೇಳಿಸುವುದಿಲ್ಲ ಎಂದು. ಅವರು ಲಾಳಿ ನಿಲ್ಲಿಸಿ, "ವಸುಂಧರಾ ಇಲ್ಲದ ಯಂತ್ರಮ್ಮ ಯಾರಿಗೆ ಬೈಬೇಕು? ಹಂಗ ಆಗಿರಬೇಕು ನಿನಗ," ಎಂದರು. ಮೂರೂ ಕಾದಂಬರಿಗಳನ್ನು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಮೊದಲಿನಿಂದ ಕೇಳಿಸಿಕೊಂಡಿದ್ದಾರೆ! "ನಿನ್ನ ಬಿಟ್ಟು ಆಕಿ ಇನ್ನ್ಯಾರನ್ನ ನೋಡಿ ಬರಸ್ತಾಳ, ಹುಚ್ಚಿ?" ಎಂದು ಹೇಳಿ ಮತ್ತೆ ನೇಯತೊಡಗಿದರು.

ಯಂತ್ರಮ್ಮ ನಾನಂತೆ! ಅವಳಿಗೆ ಕಬ್ಬಿಣದ ಮೈ, ನನಗೆ ಮೊಣಕಾಲು ನೋವು. ಎಲ್ಲಿಂದೆಲ್ಲಿಗೆ? ಆದರೂ ಮೊದಲ ಕಾದಂಬರಿ ತೆಗೆದು ಹಗ್ಗ ಎಳೆಯುವ ಭಾಗ ಮತ್ತೊಮ್ಮೆ ಓದಿದೆ. ಆಮೇಲೆ ಇನ್ನೊಮ್ಮೆ ಓದಿದೆ. ನನ್ನ ಅಕ್ಷರ ಅಲ್ಲಲ್ಲಿ ಬಹಳ ಚೆನ್ನಾಗಿ ಬಂದಿದೆ.

ಜೂನ್ 21, ಶನಿವಾರ

ಸ್ರವಂತಿಗೆ ಫೋನು ಮಾಡಿದೆ. ಕಥೆ ಅರ್ಧಕ್ಕೆ ನಿಂತಿದೆ, ಕೊನೆಯ ಅಧ್ಯಾಯ ಬಾಯಲ್ಲಿ ಹೇಳು, ನಾನು ಇಲ್ಲೇ ಬರೆದುಕೊಳ್ಳುತ್ತೇನೆ ಎಂದೆ. ಫೋನಿನಲ್ಲಿ ಆಗುವುದಿಲ್ಲ ಎಂದಳು. ನೀನೇ ಬಾ ಎನ್ನಲು ನನಗೆ ಬಾಯಿ ಬರಲಿಲ್ಲ. ನೀವೇ ಬನ್ನಿ ಎನ್ನಲು ಅವಳಿಗೂ ಬರಲಿಲ್ಲ. ಕೊನೆಗೆ, "ಅಮಾಸಿ ದಿನ ಹೆಂಗೂ ಮಗ್ಗ ಸೂಟಿ ಇರ್ತಾವು. ಮಕ್ತಲ್ ನಿಮಗೂ ನಡು, ನನಗೂ ನಡು ಅಲ್ಲೇನ್ರಿ ಅತ್ತೀ?" ಎಂದಳು.

ಟೀಚರಾಗಬೇಕಿತ್ತು ಆ ಹುಡುಗಿ.

ಜೂನ್ 27, ಶುಕ್ರವಾರ, ಅಮಾವಾಸ್ಯೆ

ಮಕ್ತಲ್ ಬಸ್ ನಿಲ್ದಾಣಕ್ಕೆ ನಾನೇ ಮೊದಲು ಮುಟ್ಟಿದೆ. ಗದ್ವಾಲದ ಬಸ್ಸು ಬಂದಾಗಲೆಲ್ಲ ಎದ್ದು ನಿಂತೆ, ಕಾಲು ಹಿಡಿದುಕೊಳ್ಳಬಾರದೆಂದು. ಇಳಿದು ಬಂದಳು. ಕೃಶಳಾಗಿದ್ದಾಳೆ, ಅಲ್ಲಿ ಯಾರೂ ಬೈದು ಉಣ್ಣಿಸುವುದಿಲ್ಲವೆಂದು ಕಾಣುತ್ತದೆ. ಬೇವಿನ ಮರದ ಕೆಳಗೆ ಕಟ್ಟೆಯ ಮೇಲೆ ಕೂತೆವು. ನಾನು ತಂದಿದ್ದು ಜೋಳದ ರೊಟ್ಟಿ, ಪುಂಡಿಪಲ್ಯ. ಅವಳು ತಂದಿದ್ದೂ ಜೋಳದ ರೊಟ್ಟಿ, ಪುಂಡಿಪಲ್ಯ. ಅವಳ ಪಲ್ಯದಲ್ಲಿ ಉಪ್ಪು ಎರಡು ಸಲ ಬಿದ್ದಿತ್ತು. ನಾನು ಏನೂ ಅನ್ನದೆ ತಿಂದೆ.

ಊಟವಾದ ಮೇಲೆ ಕೊನೆಯ ಅಧ್ಯಾಯ ಹೇಳಿದಳು. ದೊಡ್ಡ ನಾವೆ ನೆಲಕ್ಕೆ ಇಳಿಯಲಾರದು, ಅದು ಮೇಲೆಯೇ ನಿಲ್ಲಬೇಕು. ನೆಲ ಹದ ಮಾಡಿ ಮನೆ ಕಟ್ಟಲು ವಸುಂಧರಾ ಒಂದು ಸಣ್ಣ ದೋಣಿಯಲ್ಲಿ ಮೊದಲು ಕೆಳಗೆ ಹೋಗುತ್ತಾಳೆ. ಮುನ್ನೂರು ಜನರನ್ನು ನೋಡಿಕೊಂಡು ಯಂತ್ರಮ್ಮ ಮೇಲೆಯೇ ಉಳಿಯುತ್ತಾಳೆ. ವಸುಂಧರಾ ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ಹೊಸಿಲ ಮೇಲೆ ನಿಂತಿದ್ದಾಳೆ.

ನಾನು ಬರೆಯುವುದನ್ನು ನಿಲ್ಲಿಸಿ ಕೇಳಿದೆ: "ಯಂತ್ರಮ್ಮ ಏನಂತಾಳ?"

"ಬಾಗಲಾ ಮುಚ್ಕೊಂಡ್ ಹೋಗು ಅಂತಾಳ್ರಿ. ಆಕಿ ಯಾವಾಗ್ಲೂ ಅನ್ನೋದು ಅದ ಅಲ್ಲೇನ್ರಿ?" ಸ್ರವಂತಿ ನನ್ನ ಕಡೆ ನೋಡಲಿಲ್ಲ, ರೊಟ್ಟಿಯ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದಳು.

ನಾನು ಬರೆದೆ. ಅವಳು ಇಣುಕಿ ನೋಡಿದಳು. ಕನ್ನಡ ಓದುವುದು ಈಗ ಅವಳಿಗೆ ಸರಾಗವಾಗಿ ಬರುತ್ತದೆ. "ಬಾಗಲಾ ತಗದ ಇರ್ಲಿ" ಎಂದು ಬರೆದಿದ್ದೆ.

"ಅತ್ತೀ! ಗಾಳಿ ಎಲ್ಲಾ ಹೋಗ್ತೈತ್ರಿ! ಮುನ್ನೂರ್ ಮಂದಿ ಸಾಯ್ತಾರ!"

"ಮೂಗು ಹಿಡ್ಕೊಂಡ್ ಕುಂದ್ರಾಕ ಹೇಳು."

"ಎಷ್ಟೊತ್ತು ಹಿಡ್ಕೋಬೇಕ್ರಿ ಅವ್ರು?"

"ಮುಂದಿನ ಅಮಾಸಿ ತನಕ."

ಅವಳು ನಕ್ಕಳು. ನಗುತ್ತ ನಗುತ್ತ ನನ್ನ ಭುಜಕ್ಕೆ ಹಣೆ ಹಚ್ಚಿದಳು, ನನ್ನ ಸೀರೆ ಒದ್ದೆಯಾಯಿತು. ನಾನು ಅವಳ ತಲೆ ನೇವರಿಸಿದೆ. ಎಣ್ಣೆ ಹಚ್ಚಿ ಎಷ್ಟು ದಿನವಾಯಿತು ಎಂದು ಬೈದೆ. ಬೈದಾಗ ಎದೆ ಹಗುರವಾಯಿತು. ಅಷ್ಟರಲ್ಲಿ ಗದ್ವಾಲದ ಬಸ್ಸು ಹಾರ್ನು ಹೊಡೆಯಿತು. ಕಥೆ ಮುಗಿದಿಲ್ಲ, ನಾನು ಅಳಿಸಿಯೂ ಇಲ್ಲ.

ಸಂಜೆ ಮನೆಗೆ ಬಂದು ನಡುಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಯಜಮಾನರು ಒಳಗಿನಿಂದ, "ಬಾಗಲಾ ಮುಚ್ಚು, ಬೆಕ್ಕು ಬರ್ತೈತಿ," ಎಂದು ಎರಡು ಸಲ ಕೂಗಿದರು. ನನಗೆ ಕೇಳಿಸಲಿಲ್ಲ.